ಬೋರ್ಡ್ ರೇಟು ಒಂದು, ಕೈಗೆ ಬರುವುದು ಇನ್ನೊಂದು: ಮೊಟ್ಟೆ, ಕೋಳಿ, ಒಣಹುಲ್ಲಿನ ದರದ ಲೆಕ್ಕ

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು. 2,000 ಮೊಟ್ಟೆಕೋಳಿಗಳ ಒಂದು ಶೆಡ್ ಮತ್ತು ನಾಲ್ಕು ಮಿಶ್ರತಳಿ ಹಸುಗಳಿವೆ. ಮೈಸೂರಿನ ಮೊಟ್ಟೆ ದರ, ಅಂದರೆ ಬೋರ್ಡ್ ರೇಟು, ಪ್ರತಿದಿನ ಮೊಬೈಲಿಗೆ ಬರುತ್ತದೆ. ವ್ಯಾಪಾರಿ ಮಾತ್ರ ಅದಕ್ಕಿಂತ 30ರಿಂದ 40 ಪೈಸೆ ಕಡಿಮೆ ಕೊಡುತ್ತಾರೆ. ಅದೇ ಮೊಟ್ಟೆ ಊರಿನ ಅಂಗಡಿಯಲ್ಲಿ ಬೋರ್ಡ್ ದರಕ್ಕಿಂತ ಒಂದೂವರೆ ರೂಪಾಯಿ ಹೆಚ್ಚಿಗೆ ಮಾರಾಟವಾಗುತ್ತದೆ. ಇದು ಸರ್ಕಾರ ನಿಗದಿ ಮಾಡಿದ ದರವಲ್ಲವೇ, ದೂರು ಕೊಡಬಹುದೇ? ಬೇಸತ್ತು ಮೊಟ್ಟೆಕೋಳಿ ಬಿಟ್ಟು ಕಂಪನಿಯ ಬ್ರಾಯ್ಲರ್ ಮರಿ ಸಾಕೋಣ ಎಂದುಕೊಂಡಿದ್ದೇವೆ. ಒಣಹುಲ್ಲಿನದೂ ಇದೇ ಗೋಳು. ಸುಗ್ಗಿಯಲ್ಲಿ ಕೇಳುವವರಿಲ್ಲ, ಬೇಸಿಗೆಯಲ್ಲಿ ಬೆಲೆ ಎರಡು ಪಟ್ಟು. ಕೇರಳದವರು ಹೊತ್ತೊಯ್ಯುವುದೇ ಇದಕ್ಕೆ ಕಾರಣ ಎನ್ನುತ್ತಾರೆ. ಸಾಲ ಮಾಡಿಯಾದರೂ ವರ್ಷಕ್ಕಾಗುವಷ್ಟು ಹುಲ್ಲನ್ನು ಸುಗ್ಗಿಯಲ್ಲೇ ಕೊಂಡಿಡಬೇಕೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ, ಆದರೆ ಮೂರರ ಹಿಂದೆಯೂ ಇರುವ ಸಂಕಟ ಒಂದೇ. ಮಾಲು ನಿಮ್ಮದು, ದುಡಿಮೆ ನಿಮ್ಮದು, ಬೆಲೆಯನ್ನು ಮಾತ್ರ ಬೇರೆ ಯಾರೋ ಹೇಳುತ್ತಾರೆ. ಸಣ್ಣ ಫಾರಂ ಇಟ್ಟುಕೊಂಡವರನ್ನು ಇದು ದೊಡ್ಡವರಿಗಿಂತ ಹೆಚ್ಚು ಕಾಡುತ್ತದೆ. ಕೋಳಿ ಆಹಾರ ಮತ್ತು ಮೇವಿನ ಲೆಕ್ಕಾಚಾರದಲ್ಲೇ ನನ್ನ ವೃತ್ತಿಜೀವನದ ಬಹುಭಾಗ ಕಳೆದಿದೆ. ಅಲ್ಲಿ ಮತ್ತೆ ಮತ್ತೆ ಕಂಡ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ: ಬೆಲೆಯ ಮಾತುಕತೆಯಲ್ಲಿ ಮೇಲುಗೈ ಆಗುವುದು ಕಾಯಬಲ್ಲವರದು. ತೂಕಕ್ಕೆ ಬಂದ ಬ್ರಾಯ್ಲರ್ ಕೋಳಿಯನ್ನು ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಂಡರೂ ನಷ್ಟ. ಮೊಟ್ಟೆಯನ್ನು ಒಂದು ವಾರ ಇಡಬಹುದು, ಬೇಸಿಗೆಯಲ್ಲಿ ಅಷ್ಟೂ ಆಗದು. ಚೆನ್ನಾಗಿ ಒಣಗಿಸಿ ಮೆದೆ ಹಾಕಿದ ಹುಲ್ಲು ವರ್ಷವಿಡೀ ಇರುತ್ತದೆ. ಆದ್ದರಿಂದ ಈ ಮೂರು ಮಾಲಿನ ಮಾರುಕಟ್ಟೆಗಳು ಮೂರು ರೀತಿಯಲ್ಲಿ ನಡೆಯುತ್ತವೆ, ಪರಿಹಾರವನ್ನೂ ಬೇರೆಬೇರೆಯಾಗಿಯೇ ಹುಡುಕಬೇಕಾಗುತ್ತದೆ.

ಮೊದಲು ಬೋರ್ಡ್ ರೇಟಿನ ವಿಚಾರ. ಅದು ಸರ್ಕಾರದ ದರವಲ್ಲ. ಮೊಟ್ಟೆ ಉತ್ಪಾದಕರೇ ಸೇರಿ 1982ರಲ್ಲಿ ಕಟ್ಟಿಕೊಂಡ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎಲ್ಲರೂ ಎನ್‌ಇಸಿಸಿ ಎಂದು ಕರೆಯುವ ಸಂಸ್ಥೆ, ದೇಶದ ಬೇರೆಬೇರೆ ವಲಯಗಳಿಗೆ ನೂರು ಮೊಟ್ಟೆಗೆ ಇಷ್ಟು ಎಂದು ಪ್ರಕಟಿಸುವ ಸಲಹಾ ದರ ಅದು. ಅದಕ್ಕೂ ಮೊದಲು ದೊಡ್ಡ ನಗರಗಳ ಸಗಟು ವ್ಯಾಪಾರಿಗಳು ಹೇಳಿದ್ದೇ ಬೆಲೆಯಾಗಿತ್ತು. ಹಳ್ಳಿಯ ಫಾರಂನವರಿಗೆ ಆ ದಿನ ಬೆಲೆ ಎಷ್ಟಿತ್ತೆಂಬುದೂ ತಿಳಿಯುತ್ತಿರಲಿಲ್ಲ. ಬೆಲೆ ಎಲ್ಲರಿಗೂ ಏಕಕಾಲಕ್ಕೆ ಗೊತ್ತಾಗುವಂತೆ ಮಾಡಿದ್ದು ಸಣ್ಣ ಉಪಕಾರವೇನಲ್ಲ. ಆದರೆ ಆ ದರದಲ್ಲೇ ಕೊಳ್ಳಬೇಕೆಂಬ ಕಟ್ಟುಪಾಡು ವ್ಯಾಪಾರಿಗೆ ಇಲ್ಲ. ಆದ್ದರಿಂದ 30 ಪೈಸೆ ಕಡಿಮೆ ಕೊಟ್ಟರೆಂದು ದೂರು ಕೊಟ್ಟು ಪ್ರಯೋಜನವಾಗದು. ತೂಕದಲ್ಲಿ ಅಥವಾ ಎಣಿಕೆಯಲ್ಲಿ ಮೋಸವಾದರೆ, ಒಪ್ಪಿದ ಹಣ ಬಾರದಿದ್ದರೆ, ಅದು ಬೇರೆ ಮಾತು. ಅದಕ್ಕೆ ಕಾನೂನಿನ ದಾರಿ ಇದೆ.

ವಲಯದಿಂದ ವಲಯಕ್ಕೆ ದರ ಏಕೆ ಬೇರೆಯಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಹೊಸಪೇಟೆ, ಮೈಸೂರು ಮತ್ತು ಬೆಂಗಳೂರಿನ ದರಗಳು ಪ್ರಕಟವಾಗುತ್ತವೆ. ಹೊಸಪೇಟೆಯ ಸುತ್ತ ಮೊಟ್ಟೆ ಹೇರಳವಾಗಿ ಹುಟ್ಟುತ್ತದೆ, ತಿನ್ನುವವರು ದೂರದಲ್ಲಿದ್ದಾರೆ. ಹಾಗಾಗಿ ಬಹುತೇಕ ದಿನ ಅಲ್ಲಿನ ದರ ಮೈಸೂರಿಗಿಂತ ಕೆಳಗಿರುತ್ತದೆ. ಬೆಂಗಳೂರು ಬಳಕೆಯ ಕೇಂದ್ರ, ಅಲ್ಲಿನ ದರದಲ್ಲಿ ಸಾಗಾಟದ ಖರ್ಚೂ ಸೇರಿರುತ್ತದೆ. ಇವೆಲ್ಲದರ ಮೇಲೂ ಮೊಟ್ಟೆ ಉತ್ಪಾದನೆಯ ದೊಡ್ಡ ಕೇಂದ್ರವಾದ ತಮಿಳುನಾಡಿನ ನಾಮಕ್ಕಲ್‌ನ ನೆರಳು ಬಿದ್ದಿರುತ್ತದೆ. ಅಲ್ಲಿಂದ ಕೇರಳಕ್ಕೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಮೊಟ್ಟೆ ಹೋಗುತ್ತದೆ. ರಫ್ತು ಚೆನ್ನಾಗಿದ್ದರೆ ನಾಮಕ್ಕಲ್ ದರ ಏರಿ ಮೈಸೂರಿಗೂ ಉಸಿರಾಡಲು ಜಾಗ ಸಿಗುತ್ತದೆ. ರಫ್ತು ನಿಂತರೆ, ಅಥವಾ ಹಕ್ಕಿಜ್ವರದ ಕಾರಣ ಯಾವುದಾದರೂ ಗಡಿ ಮುಚ್ಚಿದರೆ, ಅದೇ ಮೊಟ್ಟೆಯ ಲಾರಿಗಳು ಬೆಂಗಳೂರಿನತ್ತ ತಿರುಗುತ್ತವೆ. ಮಳವಳ್ಳಿಯಲ್ಲಿ ಕುಳಿತ ನಿಮ್ಮ ವ್ಯಾಪಾರಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ನಾಮಕ್ಕಲ್ ದರವನ್ನೇ. ನೀವೂ ಮೈಸೂರಿನ ಜೊತೆಗೆ ಅದನ್ನು ನೋಡಲು ಶುರುಮಾಡಿ. ನಾಲ್ಕೈದು ದಿನ ಸತತವಾಗಿ ನಾಮಕ್ಕಲ್ ಇಳಿದರೆ ಮೈಸೂರು ಹಿಂಬಾಲಿಸುವ ಸಂಭವ ಹೆಚ್ಚು. ಅಂಥ ಸಮಯದಲ್ಲಿ ನಾಳೆ ಏರೀತೆಂದು ಮೊಟ್ಟೆ ಕೂಡಿಡುವುದು ತರವಲ್ಲ.

ಈಗ ಆ 30-40 ಪೈಸೆ. ವ್ಯಾಪಾರದಲ್ಲಿ ಇದಕ್ಕೆ ಮೈನಸ್ ಎನ್ನುತ್ತಾರೆ, ನಾಮಕ್ಕಲ್‌ನ ದೊಡ್ಡ ಫಾರಂಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಇದರಲ್ಲಿ ನ್ಯಾಯವಾದ ಭಾಗವೂ ಇದೆ, ನಿಮ್ಮ ಅಸಹಾಯಕತೆಯಿಂದ ಹುಟ್ಟಿದ ಭಾಗವೂ ಇದೆ. ನಿಮ್ಮ 2,000 ಕೋಳಿಗಳಲ್ಲಿ ಶೇ 85ರಷ್ಟು ಮೊಟ್ಟೆಯಿಟ್ಟರೆ ದಿನಕ್ಕೆ 1,700 ಮೊಟ್ಟೆ. ಒಂದು ಪೆಟ್ಟಿಗೆಗೆ ಏಳು ಟ್ರೇ, 210 ಮೊಟ್ಟೆಯಂತೆ ಎಂಟು ಪೆಟ್ಟಿಗೆ. ಎಂಟು ಪೆಟ್ಟಿಗೆಗಾಗಿ ಗಾಡಿ ನಿಮ್ಮ ತೋಟದ ದಾರಿಗೆ ತಿರುಗಬೇಕು; ಅದರ ಖರ್ಚು ಮೈನಸ್‌ನಲ್ಲಿ ಸೇರುತ್ತದೆ. ಹೊಸದಾಗಿ ಮೊಟ್ಟೆಗೆ ಬಂದ ಕೋಳಿಗಳ ಮೊಟ್ಟೆ 45 ಗ್ರಾಮಿಗಿಂತ ಕಡಿಮೆ ತೂಗಿದರೆ, ಸಿಪ್ಪೆ ಹಿಕ್ಕೆಯಿಂದ ಕೊಳೆಯಾಗಿದ್ದರೆ, ಮುದಿ ಕೋಳಿಯ ಮೊಟ್ಟೆಯ ಸಿಪ್ಪೆ ತೆಳ್ಳಗಾಗಿ ಬಿರುಕು ಬಿಟ್ಟಿದ್ದರೆ, ಅದಕ್ಕೂ ಕಡಿತ ಸಹಜ. ಇಷ್ಟು ನ್ಯಾಯ. ಆದರೆ ವ್ಯಾಪಾರಿಯೇ ನಿಮಗೆ ಕೋಳಿ ಆಹಾರವನ್ನು ಸಾಲವಾಗಿ ಕೊಡುತ್ತಿದ್ದರೆ, ಅಥವಾ ಮುಂಗಡ ಕೊಟ್ಟಿದ್ದರೆ, ಮೈನಸ್‌ನ ದೊಡ್ಡ ಪಾಲು ಆ ಸಾಲದ ಬಡ್ಡಿಯೆಂದೇ ತಿಳಿಯಿರಿ. ಹಾಗೆ ಬಡ್ಡಿ ಕಟ್ಟುತ್ತಿದ್ದೇವೆಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ, ಏಕೆಂದರೆ ಅದು ಎಲ್ಲೂ ಬಡ್ಡಿಯೆಂದು ಬರೆದಿರುವುದಿಲ್ಲ. 20 ಪೈಸೆ ಹೆಚ್ಚುವರಿ ಕಡಿತವೆಂದರೆ 1,700 ಮೊಟ್ಟೆಗೆ ದಿನಕ್ಕೆ 340 ರೂಪಾಯಿ, ತಿಂಗಳಿಗೆ 10,200. ಅಷ್ಟು ಬಡ್ಡಿಗೆ ಬ್ಯಾಂಕಿನಲ್ಲಿ ಎಷ್ಟು ಸಾಲ ಸಿಗುತ್ತಿತ್ತೆಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಅಂಗಡಿಯವರ ಒಂದೂವರೆ ರೂಪಾಯಿಯ ಬಗ್ಗೆ ನಿಮ್ಮಲ್ಲಿರುವ ಸಿಟ್ಟನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು. ಬೋರ್ಡ್ ದರ 6 ರೂಪಾಯಿ, ಅಂಗಡಿಯವರು ಸಗಟು ವ್ಯಾಪಾರಿಯಿಂದ ಕೊಳ್ಳುವುದು 6 ರೂಪಾಯಿ 40 ಪೈಸೆಗೆ, ಮಾರುವುದು 7 ರೂಪಾಯಿ 50 ಪೈಸೆಗೆ ಎಂದಿಟ್ಟುಕೊಳ್ಳಿ. 30 ಮೊಟ್ಟೆಯ ಟ್ರೇಗೆ ಅವರು ಕೊಟ್ಟದ್ದು 192 ರೂಪಾಯಿ. ಎಲ್ಲವೂ ಮಾರಾಟವಾದರೆ ಬರುವುದು 225, ಉಳಿಯುವುದು 33. ಅದರಲ್ಲಿ ಎರಡು ಒಡೆದರೆ ಬರುವುದು 210, ಉಳಿಯುವುದು 18. ಒಂದೊಂದೇ ಮೊಟ್ಟೆ ಎತ್ತಿ ಕಾಗದದಲ್ಲಿ ಸುತ್ತಿ ಕೊಡುವ ವ್ಯಾಪಾರದಲ್ಲಿ ಇದು ದೊಡ್ಡ ಲಾಭವಲ್ಲ. ನಿಮ್ಮ ಹಣ ಸೋರುವುದು ಅಂಗಡಿಯ ಹಂತದಲ್ಲಲ್ಲ, ಹೆಚ್ಚಾಗಿ ಮೊದಲ ಹಂತದಲ್ಲಿ. ಅದಕ್ಕಿಂತಲೂ ಹೆಚ್ಚಾಗಿ ನಿಮ್ಮ ಶೆಡ್ಡಿನೊಳಗೇ.

ಈ ಕೊನೆಯ ಮಾತನ್ನು ವಿವರಿಸಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ಮಾರಾಟದ ದರದ ಅಂಕಿಗಳಿವೆ, ಒಂದು ಮೊಟ್ಟೆಗೆ ನಿಮಗೆ ಬೀಳುವ ಖರ್ಚಿನ ಅಂಕಿ ಇಲ್ಲ. ಒಂದು ಮೊಟ್ಟೆಕೋಳಿ ದಿನಕ್ಕೆ ಸುಮಾರು 110 ಗ್ರಾಮ್ ಆಹಾರ ತಿನ್ನುತ್ತದೆ. 2,000 ಕೋಳಿಗೆ 220 ಕಿಲೋ. ಶೇ 85ರ ಇಳುವರಿಯಲ್ಲಿ ಒಂದು ಮೊಟ್ಟೆಗೆ ಹೆಚ್ಚುಕಡಿಮೆ 129 ಗ್ರಾಮ್ ಆಹಾರ ಬಿತ್ತು. ಆಹಾರ ಕಿಲೋಗೆ 30 ರೂಪಾಯಿಯಾದರೆ ಇದೊಂದೇ 3 ರೂಪಾಯಿ 88 ಪೈಸೆ. ಇಳುವರಿ ಶೇ 70ಕ್ಕೆ ಇಳಿಯಿತೆನ್ನಿ: ಕೋಳಿಗಳು ತಿನ್ನುವುದು ಅಷ್ಟೇ 220 ಕಿಲೋ, ಮೊಟ್ಟೆ ಮಾತ್ರ 1,400. ಒಂದು ಮೊಟ್ಟೆಯ ಆಹಾರದ ಖರ್ಚು 4 ರೂಪಾಯಿ 71 ಪೈಸೆಗೆ ಏರುತ್ತದೆ. ಈ 83 ಪೈಸೆಯ ನಷ್ಟ ನೀವು ದೂರುತ್ತಿರುವ ಮೈನಸ್‌ಗಿಂತ ಎರಡು ಪಟ್ಟು. ಇದರ ಮೇಲೆ ಪುಲೆಟ್, ಅಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆಯ ಕೋಳಿ, ಸಾಕುವ ಖರ್ಚು ಬರುತ್ತದೆ. ಮೊಟ್ಟೆಗೆ ಬರುವಷ್ಟರಲ್ಲಿ ಒಂದು ಕೋಳಿಗೆ 350 ರೂಪಾಯಿ ಖರ್ಚಾಗಿ, ಕೊನೆಗೆ ಕಲ್ಲಿಂಗ್‌ಗೆ, ಅಂದರೆ ಮುದಿ ಕೋಳಿಯನ್ನು ಮಾಂಸಕ್ಕೆ, ಕೊಡುವಾಗ 100 ರೂಪಾಯಿ ಬಂದು, ನಡುವೆ ಅದು 300 ಮೊಟ್ಟೆ ಇಟ್ಟರೆ, ಒಂದೊಂದು ಮೊಟ್ಟೆಯ ಮೇಲೂ 83 ಪೈಸೆ ಬೀಳುತ್ತದೆ. ಕೂಲಿ, ಕರೆಂಟು, ಲಸಿಕೆ, ಔಷಧಿಗೆ 40 ಪೈಸೆ ಹಿಡಿದರೂ ಶೇ 85ರ ಇಳುವರಿಯಲ್ಲಿ ನಿಮ್ಮ ಮೊಟ್ಟೆ 5 ರೂಪಾಯಿ 11 ಪೈಸೆಗೆ ನಿಲ್ಲುತ್ತದೆ. ಇವು ಲೆಕ್ಕದ ರೀತಿ ತೋರಿಸಲು ನಾನು ಹಿಡಿದ ಅಂಕಿಗಳು. ನಿಮ್ಮ ಬಿಲ್ಲುಗಳಲ್ಲಿರುವ ಅಂಕಿ ಹಾಕಿ ನೀವೇ ಬಿಡಿಸಬೇಕು. ಕೋಳಿಗೊಬ್ಬರ ಮಾರಿದ ಹಣವನ್ನು ಇದರಿಂದ ಕಳೆಯುವುದನ್ನು ಮರೆಯಬೇಡಿ. ಶುಂಠಿ, ಬಾಳೆ, ತೆಂಗು ಬೆಳೆಯುವವರಿಂದ ಅದಕ್ಕೆ ಒಳ್ಳೆಯ ಬೇಡಿಕೆ ಇದೆ.

ಮೆಕ್ಕೆಜೋಳ ದುಬಾರಿಯಾದದ್ದರಿಂದಲೇ ಮೊಟ್ಟೆಕೋಳಿ ಸಾಕುವವರು ಮುಳುಗಿದರೆಂಬ ಮಾತೂ ಪೂರ್ತಿ ಸರಿಯಲ್ಲ. ಆಹಾರದಲ್ಲಿ ಮೆಕ್ಕೆಜೋಳ ಶೇ 55ರಷ್ಟಿದ್ದರೆ, ದಾವಣಗೆರೆ ಅಥವಾ ರಾಣೆಬೆನ್ನೂರಿನ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 200 ರೂಪಾಯಿ ಏರಿದಾಗ ಒಂದು ಮೊಟ್ಟೆಯ ಮೇಲೆ ಬೀಳುವ ಹೊರೆ ಸುಮಾರು 14 ಪೈಸೆ. ಸೋಯಾ ಹಿಂಡಿ ಆಹಾರದ ಶೇ 22ರಷ್ಟೇ ಆದರೂ ಕಿಲೋಗೆ 10 ರೂಪಾಯಿ ಏರಿದರೆ ಹೊರೆ 28 ಪೈಸೆ. ಆದ್ದರಿಂದ ಹಿಂಡಿಯ ಬೆಲೆಯ ಮೇಲೂ ಕಣ್ಣಿಡಬೇಕು. ಮೆಕ್ಕೆಜೋಳಕ್ಕೆ ಇತ್ತೀಚಿನ ವರ್ಷಗಳಲ್ಲಿ ಎಥನಾಲ್ ಕಾರ್ಖಾನೆಗಳೂ ಗಿರಾಕಿಗಳಾಗಿವೆ. ಬೆಳೆದವರ ದೃಷ್ಟಿಯಿಂದ ಅದು ಒಳ್ಳೆಯದೇ, ಕೋಳಿಯವರಿಗೆ ಹೊಸ ಪೈಪೋಟಿ. 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಸುಗ್ಗಿಯಲ್ಲಿ ಬಹುಪಾಲು ರೈತರಿಗೆ ಅಷ್ಟು ಸಿಗುವುದಿಲ್ಲ, ಬೇಸಿಗೆಯ ಹೊತ್ತಿಗೆ ಬೆಲೆ ಚೇತರಿಸಿಕೊಂಡಾಗ ಮಾಲು ಅವರ ಕೈಯಲ್ಲಿರುವುದಿಲ್ಲ. ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆವಾರು ದರ ದಿನವೂ ಸಿಗುತ್ತದೆ. ನಿಮ್ಮಂತೆ ಸಣ್ಣ ಶೆಡ್ ಇರುವ ನಾಲ್ಕೈದು ಮಂದಿ ಸೇರಿ ಸುಗ್ಗಿಯಲ್ಲಿ ಒಂದು ಲಾರಿ ಒಣ ಮೆಕ್ಕೆಜೋಳ ಕೊಂಡರೆ ಉಳಿತಾಯವಿದೆ. ತೇವ ಶೇ 14ಕ್ಕಿಂತ ಹೆಚ್ಚಿದ್ದರೆ ಮಾತ್ರ ಕೊಳ್ಳಬೇಡಿ. ಬೂಸ್ಟು ಹಿಡಿದ ಕಾಳಿನ ವಿಷ ಕೋಳಿಯ ಈಲಿಗೆ ತಗುಲಿ ಇಳುವರಿ ಕುಸಿದರೆ, ಬೆಲೆಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೀರಿ.

ಮೊಟ್ಟೆ ದರಕ್ಕೆ ತನ್ನದೇ ಆದ ಋತುಮಾನವಿದೆ. ಶ್ರಾವಣದಲ್ಲಿ ಮನೆಗಳಲ್ಲಿ ಮಾಂಸ, ಮೊಟ್ಟೆ ನಿಲ್ಲುತ್ತವೆ. ಕಾರ್ತಿಕದಲ್ಲಿ, ಶಬರಿಮಲೆ ವ್ರತದ ದಿನಗಳಲ್ಲಿ ದಕ್ಷಿಣದ ಬೇಡಿಕೆ ತಗ್ಗುತ್ತದೆ. ಆದರೂ ನವೆಂಬರ್‌ನಿಂದ ಜನವರಿಯವರೆಗೆ ಮೊಟ್ಟೆ ದರ ಸಾಮಾನ್ಯವಾಗಿ ಏರುತ್ತಲೇ ಇರುತ್ತದೆ. ಉತ್ತರ ಭಾರತದ ಚಳಿಗಾಲ, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಕೇಕು ಆ ಕೊರತೆಯನ್ನು ತುಂಬಿಕೊಡುತ್ತವೆ. 2025ರ ಕೊನೆಯಲ್ಲಿ ನಾಮಕ್ಕಲ್‌ನ ಫಾರಂ ದರವೇ 6 ರೂಪಾಯಿ ದಾಟಿತ್ತು. ಮೊಟ್ಟೆ ಉಷ್ಣವೆಂಬ ನಂಬಿಕೆಯಿಂದ ಮಾರ್ಚ್‌ನಿಂದ ಬೇಡಿಕೆ ಇಳಿಯುತ್ತದೆ. ಅದೇ ಸಮಯಕ್ಕೆ ಶಾಲೆಗಳೂ ಮುಚ್ಚುತ್ತವೆ. ಬ್ರಾಯ್ಲರ್ ಕೋಳಿಗೆ ಬೇರೆ ಪಂಚಾಂಗ: ಹಳೇ ಮೈಸೂರಿನಲ್ಲಿ ಯುಗಾದಿಯ ಮರುದಿನದ ಹೊಸತೊಡಕು ಮತ್ತು ಮಹಾಲಯ ಅಮಾವಾಸ್ಯೆ ಅದರ ದೊಡ್ಡ ದಿನಗಳು. ಪುಲೆಟ್‌ಗಳು 19-20 ವಾರಕ್ಕೆ ಮೊಟ್ಟೆಗೆ ಬರುತ್ತವೆ, ಪೂರ್ಣ ಇಳುವರಿಗೆ ಇನ್ನೂ ಕೆಲವು ವಾರ ಬೇಕು. ಮುಂದಿನ ಬ್ಯಾಚಿನ ಮರಿಯನ್ನು ಏಪ್ರಿಲ್-ಮೇ ತಿಂಗಳಲ್ಲಿ ತಂದರೆ ಚಳಿಗಾಲದ ದರಕ್ಕೆ ನಿಮ್ಮ ಕೋಳಿಗಳು ಪೂರ್ಣ ಇಳುವರಿಯಲ್ಲಿರುತ್ತವೆ. ಬಿಸಿಲಿನಲ್ಲಿ ಮರಿ ಸಾಕುವ ಕಷ್ಟ ಇದ್ದೇ ಇದೆ, ಆದರೂ ನನ್ನ ಮಟ್ಟಿಗೆ ಇದು ಪಡಬಹುದಾದ ಕಷ್ಟ.

ಮಾರಾಟದಲ್ಲಿ ನಿಮ್ಮ ಮುಂದಿರುವ ದಾರಿಗಳು ಇವು. ವ್ಯಾಪಾರಿಯ ಜೊತೆ ದಿನದಿನದ ಚೌಕಾಶಿ ಬಿಟ್ಟು, ಬೋರ್ಡ್ ದರಕ್ಕಿಂತ ಇಂತಿಷ್ಟೇ ಪೈಸೆ ಕಡಿಮೆ, ಹಣ ಏಳು ದಿನದೊಳಗೆ ಎಂದು ಒಂದು ವರ್ಷದ ಒಪ್ಪಂದವನ್ನು ಬರಹದಲ್ಲಿ ಮಾಡಿಕೊಳ್ಳುವುದು ಮೊದಲನೆಯದು. ಅಕ್ಕಪಕ್ಕದ ಎರಡು ಮೂರು ಶೆಡ್‌ಗಳ ಮೊಟ್ಟೆ ಒಂದೇ ಕಡೆ ಸಿಗುವಂತೆ ಮಾಡಿದರೆ ಗಾಡಿಯ ನೆಪ ಹೇಳಲು ವ್ಯಾಪಾರಿಗೆ ಆಸ್ಪದವಿರುವುದಿಲ್ಲ, 10 ಪೈಸೆಯನ್ನಾದರೂ ಬಿಡಿಸಬಹುದು. ಇನ್ನೊಂದು, ಒಂದು ಪಾಲನ್ನು ನೀವೇ ಮಾರುವುದು. ಬೇಕರಿ, ಹೋಟೆಲು, ಹಾಸ್ಟೆಲುಗಳಿಗೆ ದಿನಕ್ಕೆ 500 ಮೊಟ್ಟೆಯನ್ನು ಬೋರ್ಡ್ ದರದ ಮೇಲೆ 20 ಪೈಸೆಗೆ ಕೊಟ್ಟರೂ, 35 ಪೈಸೆಯ ಮೈನಸ್ ತಪ್ಪಿದ್ದು ಸೇರಿ ತಿಂಗಳಿಗೆ 8,250 ರೂಪಾಯಿ ಹೆಚ್ಚಿಗೆ ಬರುತ್ತದೆ. ಅದರಲ್ಲಿ ಪೆಟ್ರೋಲು, ಒಡೆದ ಮೊಟ್ಟೆ, ಬಾಕಿ ಉಳಿಸಿಕೊಳ್ಳುವ ಗಿರಾಕಿ, ಮನೆಯ ಒಬ್ಬರ ದಿನದ ಎರಡು ಗಂಟೆ, ಎಲ್ಲವೂ ಕಳೆಯಬೇಕು. ಪೂರ್ತಿ ಮಾಲನ್ನು ಹೀಗೆ ಮಾರಲು ಹೊರಟು ವ್ಯಾಪಾರಿಯನ್ನು ಕಳೆದುಕೊಳ್ಳಬೇಡಿ. ದರ ಕುಸಿದ ವಾರದಲ್ಲಿ ಉಳಿದ ಮೊಟ್ಟೆಯನ್ನು ಎತ್ತುವವರು ಅವರೇ.

ಶಾಲೆಗಳ ವಿಚಾರವನ್ನೂ ಹೇಳಬೇಕು. ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನೊಂದಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂದಿತು. ಹತ್ತಿರದ ಫಾರಂಗಳಿಗೆ ಇದು ಒಳ್ಳೆಯ ಗಿರಾಕಿ. ಆದರೆ ಯೋಜನೆ ವಿಸ್ತರಿಸಿದಾಗ ಒಂದು ಮೊಟ್ಟೆಗೆ ಇಟ್ಟ 6 ರೂಪಾಯಿಯಲ್ಲೇ ಬೇಯಿಸುವ ಇಂಧನ, ಸುಲಿಯುವವರ ಗೌರವಧನವೂ ಸೇರಿತ್ತು. ಪೇಟೆಯ ದರ ಮೇಲೇರಿದಾಗ ಮುಖ್ಯಶಿಕ್ಷಕರು ಎರಡೂ ಕಡೆಯಿಂದ ಸಿಕ್ಕಿಕೊಳ್ಳುತ್ತಾರೆ. ಹಣ ತಡವಾಗುವುದಕ್ಕೂ ರಜೆಯ ತಿಂಗಳುಗಳಿಗೂ ಸಿದ್ಧರಿದ್ದರೆ ಎರಡು ಮೂರು ಶಾಲೆಗಳನ್ನು ಹಿಡಿಯಿರಿ, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಬ್ರಾಯ್ಲರ್. ಕಂಪನಿಯವರು ಮರಿ, ಆಹಾರ, ಔಷಧಿ ಕೊಡುತ್ತಾರೆ. ಶೆಡ್, ನೀರು, ಕರೆಂಟು, ಕೂಲಿ, ಕೆಳಗೆ ಹಾಸುವ ಹೊಟ್ಟು ನಿಮ್ಮದು. ಸುಮಾರು 40 ದಿನಕ್ಕೆ ಎರಡು ಕಿಲೋ ಆಸುಪಾಸು ತೂಗಿದಾಗ ಅವರೇ ಎತ್ತಿಕೊಂಡು ಹೋಗಿ, ಕಿಲೋಗೆ ಇಂತಿಷ್ಟು ಎಂದು ಸಾಕಣೆ ಕೂಲಿ ಕೊಡುತ್ತಾರೆ. ಇದರಲ್ಲಿ ಮಾರುಕಟ್ಟೆ ದರದ ಅಪಾಯ ನಿಮ್ಮ ಮೇಲಿಲ್ಲ ಎಂಬುದು ನಿಜ, ಮತ್ತು ಆ ಅಪಾಯ ಸಾಮಾನ್ಯದ್ದಲ್ಲ. ದರ ಏರಿದಾಗ ಎಲ್ಲರೂ ಮರಿ ಬಿಡುತ್ತಾರೆ, ಆರು ವಾರದ ಮೇಲೆ ಎಲ್ಲರ ಕೋಳಿಯೂ ಒಂದೇ ಸಲ ತೂಕಕ್ಕೆ ಬರುತ್ತದೆ, ದರ ಬೀಳುತ್ತದೆ. ಬಿದ್ದಾಗ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಏಕೆಂದರೆ ವಯಸ್ಸು ಮೀರಿದ ಕೋಳಿ ಒಂದು ಕಿಲೋ ತೂಕ ಕೂಡಲು ತಿನ್ನುವ ಆಹಾರ ದಿನದಿನಕ್ಕೆ ಹೆಚ್ಚುತ್ತದೆ. ಅಂಗಡಿಯ ಮಾಂಸದ ದರಕ್ಕೂ ಜೀವಂತ ಕೋಳಿಯ ದರಕ್ಕೂ ಇರುವ ಅಂತರ ನೋಡಿ ಮರುಳಾಗಬೇಡಿ. ಕಿಲೋಗೆ 110ರಂತೆ 220 ರೂಪಾಯಿ ಕೊಟ್ಟ ಎರಡು ಕಿಲೋ ಕೋಳಿಯಲ್ಲಿ ಚರ್ಮ ತೆಗೆದ ಮಾಂಸ 1.3 ಕಿಲೋ ಸಿಕ್ಕರೆ, ಅಂಗಡಿಯ ಬಾಡಿಗೆ, ಕೂಲಿ ಸೇರುವ ಮೊದಲೇ ಅದು ಕಿಲೋಗೆ 169 ರೂಪಾಯಿ ಆಗಿರುತ್ತದೆ.

ನಿಮ್ಮ ಮೇಲೆ ಉಳಿಯುವ ಅಪಾಯ ಬೇರೆ ಬಗೆಯದು. ಮರಿಗಳ ಗುಣಮಟ್ಟ ನಿಮ್ಮ ಕೈಯಲ್ಲಿಲ್ಲ, ಆದರೆ ಸಾವು ಹೆಚ್ಚಾದರೆ, ಆಹಾರ ಹೆಚ್ಚು ತಿಂದು ತೂಕ ಕಡಿಮೆ ಬಂದರೆ, ಕೂಲಿಯಲ್ಲಿ ಕಡಿತ ನಿಮಗೇ. ಬೇಡಿಕೆ ಇಲ್ಲದಾಗ ಕಂಪನಿ ಎರಡು ಬ್ಯಾಚಿನ ನಡುವೆ ಶೆಡ್ಡನ್ನು ಎಷ್ಟು ದಿನವಾದರೂ ಖಾಲಿ ಬಿಡಬಹುದು. ನಿಮ್ಮ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಐದು ಸಾವಿರಕ್ಕಿಂತ ಕಡಿಮೆ ಕೋಳಿಯ ಶೆಡ್ಡಿಗೆ ಅವರು ಆಸಕ್ತಿ ತೋರುವುದಿಲ್ಲ. ಅಂದರೆ ಪಂಜರ ತೆಗೆದು, ಹೊಸ ಶೆಡ್ ಕಟ್ಟಿ, ಹೊಸ ಸಾಲ ಮಾಡಬೇಕಾಗುತ್ತದೆ. ಮೈನಸ್‌ನ ಬೇಸರಕ್ಕಾಗಿ ಇಷ್ಟು ದೂರ ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೋಗುವುದೇ ಆದರೆ, ವರ್ಷಕ್ಕೆ ಕನಿಷ್ಠ ಎಷ್ಟು ಬ್ಯಾಚ್, ತೂಕ ಹಾಕುವಾಗ ನೀವು ಇರಬಹುದೇ, ಹಕ್ಕಿಜ್ವರ ಬಂದರೆ ಸರ್ಕಾರದ ಪರಿಹಾರ ಯಾರ ಪಾಲು ಎಂಬ ಮೂರು ಮಾತು ಕರಾರಿನಲ್ಲಿ ಬರೆದಿರಲೇಬೇಕು.

ಹಕ್ಕಿಜ್ವರದ ಮಾತು ಬಂದದ್ದರಿಂದ ಒಂದೆರಡು ವಾಕ್ಯ. 2012ರಲ್ಲಿ ಹೆಸರಘಟ್ಟ, 2020ರ ಮಾರ್ಚ್‌ನಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ ಮತ್ತು ಬಳ್ಳಾರಿ ಜಿಲ್ಲೆಯ ಕುರೇಕುಪ್ಪ, ಹೀಗೆ ನಮ್ಮ ರಾಜ್ಯದಲ್ಲೂ ಅದು ಕಾಣಿಸಿಕೊಂಡಿದೆ. ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ದರ ಬೀಳುವುದು ಮಾತ್ರ ಐನೂರು ಕಿಲೋಮೀಟರ್ ಆಚೆಗೂ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಲ್ಲಿ ಆ ವೈರಾಣು ಉಳಿಯುವುದಿಲ್ಲ. 2020ರಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿಗೇ ಬೆಲೆ ನೆಲಕಚ್ಚಿತ್ತು. ಇಂಥ ಕುಸಿತಗಳು ಕೆಲವು ವಾರಗಳಲ್ಲಿ ಕಳೆಯುತ್ತವೆ. ಆಗ ಹೆದರಿ ಇಡೀ ಹಿಂಡನ್ನು ಅಗ್ಗಕ್ಕೆ ಕಲ್ಲಿಂಗ್‌ಗೆ ಕೊಟ್ಟವರು ದರ ಚೇತರಿಸಿದಾಗ ಖಾಲಿ ಶೆಡ್ ನೋಡುತ್ತ ಕೂರಬೇಕಾಗುತ್ತದೆ. ಎರಡು ತಿಂಗಳ ಆಹಾರದ ಖರ್ಚಿನಷ್ಟು ಹಣವನ್ನು ಬೇರೆ ಇಟ್ಟಿರಬೇಕಾದದ್ದು ಇದಕ್ಕಾಗಿಯೇ.

ಕೊನೆಯದು ಹುಲ್ಲು. ಕೇರಳದವರು ಕೊಳ್ಳುವುದು ಸುಳ್ಳಲ್ಲ. ಗುಂಡ್ಲುಪೇಟೆಯ ಮೂಲಕ ವಯನಾಡಿನತ್ತ ಬತ್ತದ ಹುಲ್ಲಿನ ಲಾರಿಗಳು ಹೋಗುವುದನ್ನು ನೀವೂ ನೋಡಿರುತ್ತೀರಿ. ಆದರೆ ಅವರು ಪ್ರತಿವರ್ಷವೂ ಕೊಳ್ಳುತ್ತಾರೆ, ಬೆಲೆ ಪ್ರತಿವರ್ಷವೂ ಒಂದೇ ರೀತಿ ಏರುವುದಿಲ್ಲ. ಬೆಲೆಯನ್ನು ಎತ್ತುವುದು ಮಳೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಹುಲ್ಲಿಗೆ ಬಂದ ಬೆಲೆ ಎಲ್ಲರಿಗೂ ನೆನಪಿದೆ. ಕಟಾವು ಯಂತ್ರ ಬಂದಮೇಲೆ ಹುಲ್ಲು ಗದ್ದೆಯಲ್ಲೇ ತುಂಡಾಗಿ ಬಿದ್ದು, ಹುಲ್ಲನ್ನು ಉಂಡೆ ಕಟ್ಟುವ ಬೇಲರ್ ಯಂತ್ರ ಬರುವ ಮೊದಲೇ ಅಕಾಲಿಕ ಮಳೆಗೆ ಸಿಕ್ಕಿ ಹಾಳಾಗುವುದೂ ಹೆಚ್ಚಿದೆ. ಮೊಟ್ಟೆಗೆ ಇರುವಂತೆ ಹುಲ್ಲಿಗೆ ಬೋರ್ಡ್ ರೇಟ್ ಇಲ್ಲ. ಟ್ರ್ಯಾಕ್ಟರ್ ಲೋಡಿಗೆ ಇಷ್ಟು, ಉಂಡೆಗೆ ಇಷ್ಟು ಎಂಬ ಬಾಯಿಮಾತಿನ ವ್ಯಾಪಾರ ಅದು. ಇಲ್ಲಿ ತೂಗದೆ ಕೊಳ್ಳುವುದೇ ದೊಡ್ಡ ನಷ್ಟ.

ಬೇಲರ್ ಉಂಡೆ ಕೊಳ್ಳುವಾಗ ಹತ್ತನ್ನು ಆರಿಸಿ ಕೊಕ್ಕೆ ತಕ್ಕಡಿಗೆ ಹಾಕಿ. ಒಂದೇ ಗದ್ದೆಯ ಉಂಡೆಗಳಲ್ಲೂ 12 ಕಿಲೋದ್ದು, 18 ಕಿಲೋದ್ದು ಇರುವುದುಂಟು. ಆಮೇಲೆ ಒಂದರ ಹಗ್ಗ ಬಿಚ್ಚಿ ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ. ಒಳಗೆ ಬೆಚ್ಚಗಿದ್ದರೆ, ಹಿಡಿಯಷ್ಟು ಎಳೆದು ಕೊಡವಿದಾಗ ಬೂದಿಯಂಥ ಧೂಳು ಎದ್ದರೆ, ಮುಗ್ಗಲು ವಾಸನೆ ಬಂದರೆ, ಎಷ್ಟು ಅಗ್ಗವಾದರೂ ಬೇಡ. ತೇವವೂ ದುಡ್ಡೇ. ಕಿಲೋಗೆ 4 ರೂಪಾಯಿಯ ಹುಲ್ಲಿನಲ್ಲಿ ತೇವ ಶೇ 12 ಇದ್ದರೆ ಒಣಪದಾರ್ಥ ಕಿಲೋಗೆ 4 ರೂಪಾಯಿ 55 ಪೈಸೆ ಬೀಳುತ್ತದೆ. ಶೇ 25 ಇದ್ದರೆ 5 ರೂಪಾಯಿ 33 ಪೈಸೆ, ಮತ್ತು ಅದು ಮೆದೆಯಲ್ಲಿ ಕೊಳೆಯುವ ಭಯ ಬೇರೆ. ಬೆಲೆಯಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಬತ್ತದ ಹುಲ್ಲಿಗಿಂತ ರಾಗಿ ಹುಲ್ಲನ್ನೇ ಕೊಳ್ಳಿ. ಹಸುಗಳು ಅದನ್ನು ಇಷ್ಟಪಟ್ಟು ತಿನ್ನುತ್ತವೆ, ಅರಗುವುದೂ ಹೆಚ್ಚು.

ವರ್ಷದ ಹುಲ್ಲು ನಿಮಗೆ ಬೇಕಿಲ್ಲ. ಹಸಿಮೇವು ಸ್ವಲ್ಪ ಇದ್ದರೆ ಒಂದು ಹಸುವಿಗೆ ದಿನಕ್ಕೆ ಆರು ಕಿಲೋದಂತೆ, ನಾಲ್ಕು ಹಸುಗಳಿಗೆ ಜನವರಿಯಿಂದ ಮೇ ಕೊನೆಯವರೆಗಿನ 150 ದಿನಕ್ಕೆ 3,600 ಕಿಲೋ ಸಾಕು. ಹಾಳಾಗುವುದನ್ನು ಸೇರಿಸಿದರೆ ನಾಲ್ಕು ಟನ್. ಸುಗ್ಗಿಯಲ್ಲಿ ಕಿಲೋಗೆ 4 ರೂಪಾಯಿಗೆ ಕೊಂಡು, ತಿಂಗಳಿಗೆ ಶೇ 2ರ ಬಡ್ಡಿ ಐದು ತಿಂಗಳು ಕಟ್ಟಿ, ಹತ್ತರಲ್ಲೊಂದು ಪಾಲು ಮೆದೆಯಲ್ಲೇ ಹೋದರೂ ನಿಮಗೆ ಬೀಳುವುದು 4 ರೂಪಾಯಿ 89 ಪೈಸೆ. ಮೇ ತಿಂಗಳಲ್ಲಿ ಬೆಲೆ 5 ರೂಪಾಯಿ ದಾಟುವ ಲಕ್ಷಣವಿದ್ದರೆ ಕೊಂಡಿಡುವುದೇ ಲಾಭ. ಎರಡು ಪಟ್ಟಾಗುತ್ತದೆಂದು ನೀವೇ ಬರೆದಿದ್ದೀರಿ. ಆದರೂ ಮುಕ್ಕಾಲು ಪಾಲನ್ನಷ್ಟೇ ಡಿಸೆಂಬರ್-ಜನವರಿಯಲ್ಲಿ ಕೊಳ್ಳಿ. ವಿಶ್ವೇಶ್ವರಯ್ಯ ನಾಲೆಯಲ್ಲಿ ಬೇಸಿಗೆ ಬೆಳೆಗೆ ನೀರು ಬಿಡುವರೋ ಇಲ್ಲವೋ ತಿಳಿದ ಮೇಲೆ ಉಳಿದದ್ದನ್ನು ನಿರ್ಧರಿಸಿ. ನೀರು ಬಂದರೆ ನಿಮ್ಮ ಸುತ್ತಲೇ ಹಸಿಮೇವೂ ಹೊಸ ಹುಲ್ಲೂ ಸಿಗುತ್ತದೆ. ಮೆದೆಯನ್ನು ಕಲ್ಲು ಅಥವಾ ಮರದ ಅಟ್ಟಣಿಗೆಯ ಮೇಲೆ, ದನದ ಕೊಟ್ಟಿಗೆ ಮತ್ತು ಕರೆಂಟ್ ತಂತಿಯಿಂದ ದೂರ ಹಾಕಿ.

ಬತ್ತದ ಹುಲ್ಲೇ ಗತಿಯಾದರೆ, ಅದು ಚೆನ್ನಾಗಿ ಅರಗುವಂತೆ ಯೂರಿಯಾ ಉಪಚಾರ ಮಾಡಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ತಿನ್ನಿಸುವ ಮೊದಲು ವಾಸನೆ ಹೋಗುವವರೆಗೆ ಹರಡಿಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಅದನ್ನು ಕೊಡಲೇಬಾರದು. ಯೂರಿಯಾ ಕರಗಿಸಿದ ನೀರಿಗೆ ಹಸು ಬಾಯಿ ಹಾಕಿದರೆ ಸಾಯುತ್ತದೆ, ಆದ್ದರಿಂದ ಬಕೆಟ್ಟನ್ನು ಅಲ್ಲೇ ಬಿಟ್ಟು ಹೋಗಬೇಡಿ.

ಹುಲ್ಲಿಗೆ ಸಾಲ ಮಾಡಬಹುದೇ ಎಂದಿರಿ. ಮಾಡಬಹುದು, ಎಲ್ಲಿಂದ ಎಂಬುದಷ್ಟೇ ಮುಖ್ಯ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯ 2018-19ರಿಂದ ಪಶುಪಾಲನೆಗೂ ಕೋಳಿ ಸಾಕಣೆಗೂ ಇದೆ. 2 ಲಕ್ಷ ರೂಪಾಯಿವರೆಗಿನ ಸಾಲವನ್ನು ವಾಯಿದೆಯೊಳಗೆ ತೀರಿಸಿದರೆ ಬಡ್ಡಿ ವರ್ಷಕ್ಕೆ ಶೇ 4 ಬೀಳುತ್ತದೆ. ಆಗ ಮೇಲಿನ ಲೆಕ್ಕದ 4 ರೂಪಾಯಿ 89 ಪೈಸೆ ಸುಮಾರು 4 ರೂಪಾಯಿ 50 ಪೈಸೆಗೆ ಇಳಿಯುತ್ತದೆ. ಮೊದಲು ಆ ಹಣದಲ್ಲಿ ಮೊಟ್ಟೆ ವ್ಯಾಪಾರಿಯ ಆಹಾರದ ಬಾಕಿ ಏನಾದರೂ ಇದ್ದರೆ ತೀರಿಸಿ, ಆಮೇಲೆ ಹುಲ್ಲು ಕೊಳ್ಳಿ, ಅದಾದ ಮೇಲೆ ಮೈನಸ್‌ನ ಮಾತುಕತೆಗೆ ಕೂರಿ.